ಒಂದು ಮೀನಿಗೆ ಎರಡು ಸರ್ಕಾರ: ವಾಷಿಂಗ್ಟನ್ ರಾಜ್ಯವೂ ಅಲ್ಲಿನ ಬುಡಕಟ್ಟುಗಳೂ

ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದಲ್ಲಿ 2016ರ ಮೇ 1ರಂದು ಪ್ಯೂಜೆಟ್ ಸೌಂಡ್ ಎಂಬ ಕಡಲಚಾಚಿನ ಸಾಲ್ಮನ್ ಮೀನುಗಾರಿಕೆ ನಿಂತುಹೋಯಿತು. ಆ ವರ್ಷ ಕೋಹೋ ಜಾತಿಯ ಸಾಲ್ಮನ್ ತೀರ ಕಡಿಮೆ ಸಂಖ್ಯೆಯಲ್ಲಿ ಬರಲಿದೆ ಎಂಬ ಅಂದಾಜಿತ್ತು. ಇರುವ ಅಲ್ಪಸ್ವಲ್ಪದಲ್ಲಿ ಯಾರು, ಎಲ್ಲಿ, ಎಷ್ಟು ಹಿಡಿಯಬಹುದು ಎಂಬ ಬಗ್ಗೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಗೂ ಅಲ್ಲಿನ ಬುಡಕಟ್ಟುಗಳಿಗೂ ಒಮ್ಮತ ಮೂಡಲಿಲ್ಲ. ಹವ್ಯಾಸಕ್ಕೆ ಗಾಳ ಹಾಕುವವರು ಸರ್ಕಾರದಿಂದ ಪರವಾನಗಿ ಪಡೆದಿದ್ದರೂ ದಡದಲ್ಲೇ ಉಳಿಯಬೇಕಾಯಿತು. ಮೇ ತಿಂಗಳ ಕೊನೆಯಲ್ಲಿ ಮಾತುಕತೆ ಫಲಿಸಿದ ನಂತರವಷ್ಟೇ ಮುಂದಿನ ದಾರಿ ತೆರೆಯಿತು.

ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಒಂದು ರಾಜ್ಯ ತನ್ನದೇ ಗಡಿಯೊಳಗಿನ ನೀರಿನಲ್ಲಿ ಮೀನು ಹಿಡಿಯಲು ತಾನೊಬ್ಬನೇ ಅನುಮತಿ ಕೊಡಲಾರದೆ, ಕೆಲವು ನೂರು ಅಥವಾ ಕೆಲವು ಸಾವಿರ ಸದಸ್ಯರಷ್ಟೇ ಇರುವ ಸಮುದಾಯಗಳ ಒಪ್ಪಿಗೆಗಾಗಿ ಕಾಯಬೇಕಾಗುವುದು ನಮ್ಮ ಆಡಳಿತ ಪದ್ಧತಿಗೆ ಒಗ್ಗಿಹೋದ ಕಣ್ಣಿಗೆ ವಿಚಿತ್ರವಾಗಿ ಕಾಣುತ್ತದೆ. ಅಮೆರಿಕದ ಕಾನೂನಿನಲ್ಲಿ ಇದಕ್ಕೆ ‘ಸರ್ಕಾರದಿಂದ ಸರ್ಕಾರಕ್ಕೆ’ ಸಂಬಂಧ ಎಂಬ ಹೆಸರಿದೆ. ಸಭೆ ಸಮಾರಂಭಗಳಲ್ಲಿ ಈ ಮಾತು ಸೌಜನ್ಯದ ನುಡಿಯಂತೆ ಕೇಳಿಸುತ್ತದೆ. ಆದರೆ ವಾಷಿಂಗ್ಟನ್ ರಾಜ್ಯದ ಇತಿಹಾಸ ನೋಡಿದರೆ ಅದು ಸೌಜನ್ಯದಿಂದ ಹುಟ್ಟಿದ್ದಲ್ಲ. ರಾಜ್ಯ ನ್ಯಾಯಾಲಯದಲ್ಲಿ ಸೋತ ನಂತರ, ಸೋಲನ್ನು ಒಪ್ಪಿಕೊಳ್ಳುವುದಕ್ಕೂ ಬಹಳ ವರ್ಷ ಹಿಡಿದ ನಂತರ, ಬೇರೆ ದಾರಿಯಿಲ್ಲದೆ ಕಟ್ಟಿಕೊಂಡ ವ್ಯವಸ್ಥೆ.

ಮೊದಲು ಕಾನೂನಿನ ಬುನಾದಿಯನ್ನು ನೋಡೋಣ. ಭಾರತದಲ್ಲಿ ಆದಿವಾಸಿ ಸಮುದಾಯಗಳಿಗೆ ದೊರೆಯುವ ರಕ್ಷಣೆ ಸಂವಿಧಾನ ಮತ್ತು ಶಾಸನಗಳಿಂದ ಬಂದದ್ದು. ಐದನೆಯ ಅನುಸೂಚಿ, ಈಶಾನ್ಯದ ಸ್ವಾಯತ್ತ ಜಿಲ್ಲಾ ಮಂಡಳಿಗಳಿಗೆ ಆಧಾರವಾದ ಆರನೆಯ ಅನುಸೂಚಿ, 2006ರ ಅರಣ್ಯ ಹಕ್ಕು ಕಾಯ್ದೆ, ಇವೆಲ್ಲ ಸರ್ಕಾರ ಕೊಟ್ಟ ಅಧಿಕಾರಗಳು. ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶವೇ ಇಲ್ಲ. ನಾಗರಹೊಳೆಯ ಜೇನುಕುರುಬರು ತಮ್ಮ ಹಕ್ಕನ್ನು ಕೇಳುವುದು ಗ್ರಾಮಸಭೆ ಮತ್ತು ಅರಣ್ಯ ಹಕ್ಕು ಸಮಿತಿಗಳ ಮೂಲಕ, ಈ ದೇಶದ ಪ್ರಜೆಗಳಾಗಿ. ಅಮೆರಿಕದ ಬುಡಕಟ್ಟುಗಳ ಸ್ಥಿತಿ ತಾತ್ವಿಕವಾಗಿ ಇದಕ್ಕಿಂತ ಭಿನ್ನ. ಅವುಗಳ ಆಡಳಿತಾಧಿಕಾರ ಸಂವಿಧಾನಕ್ಕಿಂತ ಹಳೆಯದು, ಸಂವಿಧಾನ ಅದನ್ನು ಸೃಷ್ಟಿಸಲಿಲ್ಲ ಎಂಬುದು ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿಕೊಂಡು ಬಂದ ನಿಲುವು. 1831ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಚೆರೋಕಿಗಳ ಮೊಕದ್ದಮೆಯಲ್ಲಿ ಬುಡಕಟ್ಟುಗಳನ್ನು ‘ದೇಶದೊಳಗಿನ ಅವಲಂಬಿತ ರಾಷ್ಟ್ರಗಳು’ ಎಂದು ಕರೆದರು. ಮರುವರ್ಷ ಇನ್ನೊಂದು ತೀರ್ಪಿನಲ್ಲಿ ಚೆರೋಕಿ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯದು ಎಂದರು. ಅವಲಂಬಿತ ಎಂಬ ವಿಶೇಷಣದೊಳಗೆ ಎಷ್ಟೋ ಅನ್ಯಾಯಗಳು ಮುಂದೆ ಅಡಗಿಕೊಂಡವು, ಆ ಚೆರೋಕಿಗಳನ್ನೇ ಕೆಲವೇ ವರ್ಷಗಳಲ್ಲಿ ಅವರ ನೆಲದಿಂದ ಹೊರಗಟ್ಟಲಾಯಿತು ಎಂಬುದೂ ನಿಜ. ಆದರೂ ತತ್ತ್ವ ಉಳಿದುಕೊಂಡಿತು.

ಈ ಏರ್ಪಾಟಿನಲ್ಲಿ ರಾಜ್ಯಗಳ ಜಾಗ ಮೊದಲಿನಿಂದಲೂ ಇಕ್ಕಟ್ಟಿನದು. ಬುಡಕಟ್ಟುಗಳೊಂದಿಗೆ ವ್ಯವಹರಿಸುವ ಅಧಿಕಾರವನ್ನು ಸಂವಿಧಾನ ಒಕ್ಕೂಟ ಸರ್ಕಾರಕ್ಕೆ ಕೊಟ್ಟಿದೆ. ಒಪ್ಪಂದಗಳಿಗೆ ಸಹಿ ಹಾಕಿದ್ದೂ ಆ ಸರ್ಕಾರವೇ. ಆದರೆ ನೆಲ, ನೀರು, ಕಾಡುಗಳಿಗಾಗಿ ಬುಡಕಟ್ಟುಗಳೊಂದಿಗೆ ದಿನನಿತ್ಯ ಜಗಳಕ್ಕೆ ನಿಂತದ್ದು ರಾಜ್ಯಗಳು. 1886ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ, ಬುಡಕಟ್ಟುಗಳು ನೆಲೆಸಿರುವ ರಾಜ್ಯಗಳ ಜನರು ಅನೇಕ ಸಲ ಅವುಗಳ ಕಡುವೈರಿಗಳಾಗಿರುತ್ತಾರೆ ಎಂದು ಬರೆದಿದೆ. ಆದ್ದರಿಂದ ಒಂದು ರಾಜ್ಯ ಮುಂದೆ ಬಂದು ಬುಡಕಟ್ಟನ್ನು ಸರ್ಕಾರವೆಂದು ಗೌರವಿಸುವುದಾಗಿ ಬರೆದುಕೊಡುವುದು, ಒಕ್ಕೂಟ ಸರ್ಕಾರ ಅದೇ ಮಾತು ಹೇಳಿದ್ದಕ್ಕಿಂತ ಹೆಚ್ಚು ಅಪರೂಪದ ಸಂಗತಿ.

ವಾಷಿಂಗ್ಟನ್ ರಾಜ್ಯವಾದದ್ದು 1889ರಲ್ಲಿ. ಅದಕ್ಕೂ ಮೊದಲು, ಅದು ಒಕ್ಕೂಟದ ಆಡಳಿತದಲ್ಲಿದ್ದ ಪ್ರಾಂತವಾಗಿದ್ದಾಗ, ಐಸಾಕ್ ಸ್ಟೀವನ್ಸ್ ಎಂಬಾತ ಅದರ ಮೊದಲ ಗವರ್ನರ್ ಆಗಿದ್ದ. ರೈಲುಮಾರ್ಗದ ಸಮೀಕ್ಷೆಯ ಹೊಣೆಯೂ ಬುಡಕಟ್ಟು ವ್ಯವಹಾರಗಳ ಅಧಿಕಾರವೂ ಅವನ ಕೈಯಲ್ಲೇ ಇದ್ದವು. ವಲಸಿಗರಿಗೆ ನೆಲವನ್ನು ಬೇಗ ಬಿಡಿಸಿಕೊಡುವುದು ಅವನ ಆತುರವಾಗಿತ್ತು. 1854ರ ಡಿಸೆಂಬರ್ 26ರಂದು ಮೆಡಿಸಿನ್ ಕ್ರೀಕ್ ಎಂಬ ಹೊಳೆಯ ಬಳಿ ನಿಸ್ಕ್ವಾಲಿ, ಪ್ಯೂಯಾಲಪ್ ಮತ್ತು ನೆರೆಯ ಸಮುದಾಯಗಳು ಸುಮಾರು 22 ಲಕ್ಷ ಎಕರೆ ನೆಲವನ್ನು 32,500 ಡಾಲರಿಗೆ ಬಿಟ್ಟುಕೊಟ್ಟ ಒಪ್ಪಂದವಾಯಿತು. ಮರು ತಿಂಗಳು, ಅಂದರೆ 1855ರ ಜನವರಿಯಲ್ಲಿ, ಪಾಯಿಂಟ್ ಎಲಿಯಟ್, ಪಾಯಿಂಟ್ ನೋ ಪಾಯಿಂಟ್, ನೀಯಾ ಬೇ ಒಪ್ಪಂದಗಳು. ಅದೇ ವರ್ಷದ ಜೂನಿನಲ್ಲಿ ಯಾಕಮಾ. ಕರಾವಳಿಯ ಒಪ್ಪಂದಗಳ ಮಾತುಕತೆ ನಡೆದದ್ದು ಚಿನೂಕ್ ಜಾರ್ಗನ್ ಎಂಬ ವ್ಯಾಪಾರದ ಬೆರಕೆ ನುಡಿಯಲ್ಲಿ. ತುಪ್ಪಳ, ಕಂಬಳಿಗಳ ಕೊಡುಕೊಳೆಗೆ ಸಾಕಾಗುತ್ತಿದ್ದ ಕೆಲವೇ ನೂರು ಪದಗಳಲ್ಲಿ ನೆಲದ ಒಡೆತನ, ಸಾರ್ವಭೌಮತ್ವ, ಶಾಶ್ವತ ಹಕ್ಕು ಮುಂತಾದವನ್ನು ವಿವರಿಸಿದರೆಂದು ನಂಬುವುದು ಕಷ್ಟ.

ಆದರೂ ಬುಡಕಟ್ಟಿನ ಮುಖಂಡರು ಒಂದು ವಿಷಯದಲ್ಲಿ ಪಟ್ಟು ಬಿಡಲಿಲ್ಲ. ನೆಲ ಹೋದರೂ ಮೀನು ಹಿಡಿಯುವ ಹಕ್ಕು ಹೋಗಬಾರದು. ‘ವಾಡಿಕೆಯ ಎಲ್ಲ ಜಾಗಗಳಲ್ಲಿ, ಪ್ರಾಂತದ ಎಲ್ಲ ಪ್ರಜೆಗಳ ಜೊತೆಗೆ’ ಮೀನು ಹಿಡಿಯುವ ಹಕ್ಕು ಅವರಿಗೆ ಖಾತರಿಯಾಗಿದೆ ಎಂಬ ವಾಕ್ಯ ಬಹುತೇಕ ಒಂದೇ ರೂಪದಲ್ಲಿ ಆ ಒಪ್ಪಂದಗಳಲ್ಲೆಲ್ಲ ಸೇರಿತು. ಮುಂದಿನ ನೂರೆಪ್ಪತ್ತು ವರ್ಷಗಳ ವ್ಯಾಜ್ಯವೆಲ್ಲ ಈ ಒಂದು ವಾಕ್ಯದ ಸುತ್ತ ನಡೆದಿದೆ. 1905ರಲ್ಲಿ, ಯಾಕಮಾ ಮೀನುಗಾರರಿಗೆ ಕೊಲಂಬಿಯಾ ನದಿಯ ದಡಕ್ಕೆ ಹೋಗದಂತೆ ವೈನನ್ಸ್ ಎಂಬ ಭೂಮಾಲೀಕರು ತಡೆದಾಗ ಸುಪ್ರೀಂ ಕೋರ್ಟ್ ಒಂದು ಮುಖ್ಯ ಸೂತ್ರವನ್ನು ಹೇಳಿತು: ಒಪ್ಪಂದ ಎಂಬುದು ಬುಡಕಟ್ಟಿಗೆ ಹಕ್ಕು ಕೊಟ್ಟ ದಸ್ತಾವೇಜಲ್ಲ, ಬುಡಕಟ್ಟಿನಿಂದ ಹಕ್ಕು ಪಡೆದ ದಸ್ತಾವೇಜು, ಕೊಡದೆ ಉಳಿದದ್ದೆಲ್ಲ ಅವರದೇ. ಬಾವಿಯ ನೀರಿನ ಹಕ್ಕನ್ನು ಉಳಿಸಿಕೊಂಡು ಜಮೀನಿನ ಕ್ರಯಪತ್ರ ಬರೆದುಕೊಟ್ಟವನಿಗೆ ಆ ನೀರು ಕೊಂಡವನ ದಾನವಲ್ಲ ಎಂಬುದು ನಮಗೆ ಹೇಳದೆಯೇ ಅರ್ಥವಾಗುತ್ತದೆ. ಇಲ್ಲಿನ ತರ್ಕವೂ ಅದೇ.

ರಾಜ್ಯಕ್ಕೆ ಮಾತ್ರ ಅದು ಅರ್ಥವಾಗಲಿಲ್ಲ, ಅಥವಾ ಅರ್ಥವಾಗುವುದು ಬೇಕಿರಲಿಲ್ಲ. ಡಬ್ಬಿ ಮೀನಿನ ಕಾರ್ಖಾನೆಗಳು, ಸಮುದ್ರದಲ್ಲಿ ಬಲೆ ಬೀಸುವ ದೊಡ್ಡ ದೋಣಿಗಳು, ನದಿಗಳಿಗೆ ಅಡ್ಡ ಕಟ್ಟಿದ ಅಣೆಕಟ್ಟುಗಳು, ಮರ ಕಡಿದು ಬೋಳಾದ ದಡಗಳು, ಎಲ್ಲ ಸೇರಿ ಸಾಲ್ಮನ್ ಸಂತತಿ ಕುಸಿಯುತ್ತ ಹೋದಂತೆ ರಾಜ್ಯ ಸಂರಕ್ಷಣೆಯ ಹೆಸರಿನಲ್ಲಿ ಮೊದಲು ಕೈ ಹಾಕಿದ್ದು ನದಿಯಲ್ಲಿ ಬಲೆ ಕಟ್ಟುತ್ತಿದ್ದ ಬುಡಕಟ್ಟಿನವರ ಮೇಲೆ. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರ್ಯಾಂಕ್ ಜೂನಿಯರ್ 1945ರಲ್ಲಿ ಮೊದಲ ಬಾರಿ ಬಂಧನಕ್ಕೊಳಗಾದಾಗ ಅವನಿಗೆ 14 ವರ್ಷ. ಮುಂದಿನ ವರ್ಷಗಳಲ್ಲಿ ಅವರನ್ನು 50ಕ್ಕೂ ಹೆಚ್ಚು ಬಾರಿ ಬಂಧಿಸಲಾಯಿತು. 1960ರ ದಶಕದಲ್ಲಿ ಬುಡಕಟ್ಟುಗಳು ಕಾನೂನುಭಂಗ ಮಾಡಿ ಬಹಿರಂಗವಾಗಿ ಮೀನು ಹಿಡಿಯತೊಡಗಿದವು. 1964ರಲ್ಲಿ ನಟ ಮಾರ್ಲನ್ ಬ್ರ್ಯಾಂಡೊ ಪ್ಯೂಯಾಲಪ್ ನದಿಯಲ್ಲಿ ಅವರ ಜೊತೆ ದೋಣಿಗಿಳಿದು ತಾನೂ ಬಂಧನಕ್ಕೊಳಗಾದ. 1970ರ ಸೆಪ್ಟೆಂಬರಿನಲ್ಲಿ ಅದೇ ನದಿಯ ದಡದ ಬಿಡಾರವನ್ನು ಪೊಲೀಸರು ಅಶ್ರುವಾಯು, ಲಾಠಿಗಳೊಂದಿಗೆ ತೆರವು ಮಾಡಿದರು. ಅದಾದ ಕೆಲವೇ ದಿನಗಳಲ್ಲಿ ಒಕ್ಕೂಟ ಸರ್ಕಾರ ಬುಡಕಟ್ಟುಗಳ ಪರವಾಗಿ ವಾಷಿಂಗ್ಟನ್ ರಾಜ್ಯದ ಮೇಲೆ ಮೊಕದ್ದಮೆ ಹೂಡಿತು.

ಆ ಮೊಕದ್ದಮೆಯ ತೀರ್ಪು ಬಂದದ್ದು 1974ರ ಫೆಬ್ರವರಿ 12ರಂದು. ನ್ಯಾಯಾಧೀಶ ಜಾರ್ಜ್ ಬೋಲ್ಟ್ ಕ್ರಾಂತಿಕಾರಿಯೆಂದು ಹೆಸರಾದವರಲ್ಲ, ಸಾಂಪ್ರದಾಯಿಕ ಮನೋಭಾವದವರು. ಆದರೆ ಒಪ್ಪಂದವನ್ನು ಸಹಿ ಹಾಕಿದ ದಿನ ಬುಡಕಟ್ಟಿನವರು ಹೇಗೆ ಅರ್ಥ ಮಾಡಿಕೊಂಡಿದ್ದರೋ ಹಾಗೆಯೇ ಓದಬೇಕೆಂಬ ಹಳೆಯ ನ್ಯಾಯಸೂತ್ರವನ್ನು ಹಿಡಿದು ಅವರು ನೇರವಾಗಿ ಹೋದರು. ಪ್ರಜೆಗಳ ಜೊತೆಗೆ ಎಂದರೆ ಉಳಿದವರಂತೆ ಸಾಲಿನಲ್ಲಿ ನಿಂತು ಪರವಾನಗಿ ಪಡೆಯುವುದಲ್ಲ, ಇಬ್ಬರೂ ಸಮವಾಗಿ ಹಂಚಿಕೊಳ್ಳುವುದು ಎಂದು ಅವರು ತೀರ್ಮಾನಿಸಿದರು. ಸಂತತಿ ಉಳಿಯಲು ನದಿಯ ತಲೆಗೆ ಮರಳಿ ಹೋಗಬೇಕಾದ ಮೀನುಗಳನ್ನು ಬಿಟ್ಟು, ಹಿಡಿಯಬಹುದಾದ ಉಳಿಕೆಯಲ್ಲಿ ಶೇ. 50ರವರೆಗೆ ಒಪ್ಪಂದದ ಬುಡಕಟ್ಟುಗಳಿಗೆ ಸೇರಬೇಕೆಂದರು. ಅಲ್ಲಿಯವರೆಗೆ ಅವುಗಳ ಪಾಲು ಶೇ. 5ರ ಆಸುಪಾಸಿನಲ್ಲಿತ್ತು. ಪಾಲಿನಷ್ಟೇ ಮುಖ್ಯವಾದ ಇನ್ನೊಂದು ಅಂಶವೂ ತೀರ್ಪಿನಲ್ಲಿತ್ತು: ನಿಗದಿತ ಯೋಗ್ಯತೆಗಳನ್ನು ಪೂರೈಸುವ ಬುಡಕಟ್ಟುಗಳು ತಮ್ಮ ಮೀನುಗಾರರನ್ನು ತಾವೇ ನಿಯಂತ್ರಿಸಬಹುದು. ಹೀಗೆ ಬುಡಕಟ್ಟುಗಳು ಮೀನಿನ ಪಾಲುದಾರರು ಮಾತ್ರವಲ್ಲ, ಅದರ ನಿರ್ವಾಹಕರೂ ಆದವು.

ರಾಜ್ಯ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಬೋಲ್ಟ್ ಅವರ ಪ್ರತಿಕೃತಿಯನ್ನು ನೇಣಿಗೇರಿಸಲಾಯಿತು. ತೀರ್ಪನ್ನು ಜಾರಿಗೊಳಿಸುವ ಅಧಿಕಾರ ರಾಜ್ಯದ ಮೀನುಗಾರಿಕೆ ಇಲಾಖೆಗೆ ಇಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದರಿಂದ, ಒಕ್ಕೂಟದ ಜಿಲ್ಲಾ ನ್ಯಾಯಾಲಯವೇ ಕೆಲಕಾಲ ಮೀನುಗಾರಿಕೆಯನ್ನು ನೇರವಾಗಿ ನಿಭಾಯಿಸಬೇಕಾಯಿತು. ಶಾಲೆಗಳಲ್ಲಿನ ವರ್ಣಭೇದ ನಿವಾರಣೆಯ ಕೆಲವು ಪ್ರಕರಣಗಳನ್ನು ಬಿಟ್ಟರೆ ಆ ಶತಮಾನದಲ್ಲಿ ಒಕ್ಕೂಟದ ನ್ಯಾಯಾಲಯವೊಂದರ ಆದೇಶವನ್ನು ವಿಫಲಗೊಳಿಸಲು ನಡೆದ ಇಷ್ಟು ಸಂಘಟಿತ ಪ್ರಯತ್ನ ಇನ್ನೊಂದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ದಾಖಲಿಸಿತು. 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೋಲ್ಟ್ ತೀರ್ಪಿನ ಮುಖ್ಯಾಂಶಗಳನ್ನು ಎತ್ತಿಹಿಡಿದ ಮೇಲೆ ವಾದಕ್ಕೆ ಅವಕಾಶ ಉಳಿಯಲಿಲ್ಲ.

ಹೀಗಾಗಿ 1980ರ ದಶಕದ ಮಧ್ಯದಿಂದ ಜಂಟಿ ನಿರ್ವಹಣೆ ಬೇರೂರಿತು. ಅದರ ದಿನನಿತ್ಯದ ಸ್ವರೂಪ ಭಾಷಣಗಳಿಗಿಂತ ಹೆಚ್ಚು ಹೇಳುತ್ತದೆ. ಸಾಕಣೆ ಕೇಂದ್ರಗಳಲ್ಲಿ, ಅವು ರಾಜ್ಯದವಿರಲಿ ಬುಡಕಟ್ಟಿನವಿರಲಿ, ಬಿಡುವ ಮುನ್ನ ಮರಿಮೀನುಗಳ ಬೆನ್ನಿನ ಹಿಂಬದಿಯ ಪುಟ್ಟ ಈಜುರೆಕ್ಕೆಯನ್ನು ಕತ್ತರಿಸುತ್ತಾರೆ. ಒಂದಷ್ಟು ಮರಿಗಳ ಮೂತಿಯೊಳಗೆ ಸುಮಾರು ಒಂದು ಮಿಲಿಮೀಟರ್ ಉದ್ದದ, ಸಂಕೇತ ಕೆತ್ತಿದ ಉಕ್ಕಿನ ತಂತಿಯ ತುಣುಕನ್ನು ಸೇರಿಸುತ್ತಾರೆ. ವರ್ಷಗಳ ನಂತರ ಆ ಮೀನು ಬಲೆಗೆ ಬಿದ್ದಾಗ ಮೂತಿಯನ್ನು ಸೀಳಿ ತಂತಿಯನ್ನು ಸೂಕ್ಷ್ಮದರ್ಶಕದಲ್ಲಿ ಓದಿದರೆ ಅದು ಯಾವ ನದಿಯ, ಯಾವ ಕೇಂದ್ರದ ಮೀನೆಂದು ತಿಳಿಯುತ್ತದೆ. ಈ ಲೆಕ್ಕಗಳ ಆಧಾರದ ಮೇಲೆ ಪ್ರತಿ ವರ್ಷದ ಆರಂಭದಲ್ಲಿ ಇಬ್ಬರ ಜೀವಶಾಸ್ತ್ರಜ್ಞರೂ ಆ ಸಾಲಿನ ಅಂದಾಜನ್ನು ಸಿದ್ಧಪಡಿಸುತ್ತಾರೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ‘ನಾರ್ತ್ ಆಫ್ ಫಾಲ್ಕನ್’ ಎಂದು ಕರೆಯುವ ಸರಣಿ ಸಭೆಗಳು ನಡೆಯುತ್ತವೆ. ಒರೆಗಾನ್ ಕರಾವಳಿಯ ಫಾಲ್ಕನ್ ಭೂಶಿರದಿಂದ ಉತ್ತರದ ನೀರಿಗೆ ಸಂಬಂಧಿಸಿದ್ದರಿಂದ ಆ ಹೆಸರು. ಯಾವ ನದಿಯಲ್ಲಿ ಯಾವ ವಾರ ಯಾರ ಬಲೆ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಪ್ಯೂಜೆಟ್ ಸೌಂಡಿನ ಚಿನೂಕ್ ಸಾಲ್ಮನ್ 1999ರಿಂದ ಅಳಿವಿನ ಅಪಾಯದ ಪಟ್ಟಿಯಲ್ಲಿ ಇರುವುದರಿಂದ ಇಡೀ ಯೋಜನೆಗೆ ಒಕ್ಕೂಟದ ಅನುಮೋದನೆಯೂ ಬೇಕು, ಮತ್ತು ಇಬ್ಬರೂ ಕೂಡಿ ಸಲ್ಲಿಸಿದ ಯೋಜನೆಗೆ ಅದು ಬೇಗ ದೊರೆಯುತ್ತದೆ. 2016ರಲ್ಲಿ ಒಮ್ಮತ ಮುರಿದಾಗ ರಾಜ್ಯ ತನ್ನಷ್ಟಕ್ಕೆ ತಾನು ಋತುವನ್ನು ಘೋಷಿಸಲಾಗದೆ ಹೋದದ್ದು ಈ ಕಾರಣದಿಂದ.

ಮೀನಿನಲ್ಲಿ ಕಲಿತ ಪಾಠ ಬೇರೆ ಇಲಾಖೆಗಳಿಗೂ ಹರಡಿದ್ದು ರಾಜ್ಯ ಸ್ಥಾಪನೆಯ ಶತಮಾನೋತ್ಸವದ ವರ್ಷದಲ್ಲಿ. 1989ರ ಆಗಸ್ಟ್ 4ರಂದು ರಾಜ್ಯದ ಚುನಾಯಿತ ಮುಖ್ಯಸ್ಥರಾದ ಗವರ್ನರ್ ಬೂತ್ ಗಾರ್ಡ್ನರ್ ಮತ್ತು 26 ಬುಡಕಟ್ಟುಗಳು ಶತಮಾನೋತ್ಸವ ಒಡಂಬಡಿಕೆಗೆ ಸಹಿ ಹಾಕಿದವು. ಪ್ರತಿಯೊಂದು ಪಕ್ಷವೂ ಇನ್ನೊಂದರ ಸಾರ್ವಭೌಮತ್ವವನ್ನು ಗೌರವಿಸುತ್ತದೆ ಎಂಬುದು ಅದರ ತಿರುಳು. ಒಡಂಬಡಿಕೆ ಯಾರಿಗೂ ಹೊಸ ಹಕ್ಕು ಕೊಡುವುದಿಲ್ಲ, ಯಾರ ಹಕ್ಕನ್ನೂ ಕಿತ್ತುಕೊಳ್ಳುವುದಿಲ್ಲ. ಜಗಳ ನ್ಯಾಯಾಲಯಕ್ಕೆ ಹೋಗುವ ಮೊದಲು ಮೇಜಿನ ಮುಂದೆ ಕುಳಿತುಕೊಳ್ಳುವ ವಿಧಾನವನ್ನಷ್ಟೇ ಹೇಳುತ್ತದೆ. 1999ರಲ್ಲಿ ಅದನ್ನು ಇನ್ನೊಂದು ದಾಖಲೆಯ ಮೂಲಕ ಬಲಪಡಿಸಲಾಯಿತು. 2012ರಲ್ಲಿ ಶಾಸನಸಭೆ ಕಾನೂನನ್ನೇ ಮಾಡಿ, ಬುಡಕಟ್ಟುಗಳಿಗೆ ತಟ್ಟುವ ನೀತಿಗಳನ್ನು ರೂಪಿಸುವಾಗ ರಾಜ್ಯದ ಇಲಾಖೆಗಳು ಅವುಗಳ ಸಹಯೋಗಕ್ಕೆ ಯತ್ನಿಸಬೇಕು, ಗವರ್ನರಿಗೆ ನೇರವಾಗಿ ಉತ್ತರಿಸುವ ಪ್ರತಿ ಇಲಾಖೆಯಲ್ಲಿ ಬುಡಕಟ್ಟು ಸಂಪರ್ಕಾಧಿಕಾರಿ ಇರಬೇಕು, ಅಧಿಕಾರಿಗಳಿಗೆ ತರಬೇತಿ ಕೊಡಬೇಕು, ಗವರ್ನರ್ ವರ್ಷಕ್ಕೊಮ್ಮೆಯಾದರೂ ಬುಡಕಟ್ಟು ನಾಯಕರನ್ನು ಭೇಟಿಯಾಗಬೇಕು ಎಂದು ವಿಧಿಸಿತು. ಆದರೆ ಈ ಕಾನೂನನ್ನು ಇಲಾಖೆ ಪಾಲಿಸದಿದ್ದರೆ ಅದರ ಆಧಾರದ ಮೇಲೆ ದಾವೆ ಹೂಡಲು ಬರುವುದಿಲ್ಲ. ಅದನ್ನೂ ಆ ಕಾನೂನೇ ಸ್ಪಷ್ಟವಾಗಿ ಹೇಳಿದೆ. ಹಲ್ಲಿರುವುದು 1850ರ ದಶಕದ ಒಪ್ಪಂದಗಳಿಗೆ, 2012ರ ಶಾಸನಕ್ಕಲ್ಲ.

ಆ ಹಳೆಯ ಒಪ್ಪಂದಗಳ ಬಲ ಎಷ್ಟೆಂಬುದಕ್ಕೆ ಪೆಟ್ರೋಲ್ ತೆರಿಗೆಯ ಮೊಕದ್ದಮೆ ಸಾಕ್ಷಿ. ಯಾಕಮಾ ಒಪ್ಪಂದದಲ್ಲಿ ಸಾರ್ವಜನಿಕ ಹೆದ್ದಾರಿಗಳಲ್ಲಿ ಸಂಚರಿಸುವ ಹಕ್ಕಿನ ಮಾತಿದೆ. ಆ ಬುಡಕಟ್ಟಿನ ಸದಸ್ಯರೊಬ್ಬರ ಕಂಪನಿ ಒರೆಗಾನ್‌ನಿಂದ ಹೆದ್ದಾರಿಯಲ್ಲಿ ತಂದ ಇಂಧನಕ್ಕೆ ರಾಜ್ಯ ತೆರಿಗೆ ವಿಧಿಸಿದ್ದು 1855ರ ಆ ಮಾತಿಗೆ ವಿರುದ್ಧವೆಂದು 2019ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಹೇಳಿತು. ಕ್ಯಾಸಿನೋಗಳ ವಿಷಯದಲ್ಲಿ 1988ರ ಒಕ್ಕೂಟ ಕಾಯ್ದೆ ರಾಜ್ಯಗಳನ್ನು ಬುಡಕಟ್ಟುಗಳೊಂದಿಗೆ ಕರಾರಿಗೆ ಕೂರಿಸಿತು. ಇಂಧನ, ಗಾಂಜಾ ವ್ಯಾಪಾರ, ಶಾಲೆಗಳ ಬಗ್ಗೆಯೂ ಇಂಥ ಕರಾರುಗಳಿವೆ. ಬುಡಕಟ್ಟು ನೆಲದ ಮೇಲೆ ರಾಜ್ಯ ಹಿಂದೆ ವಹಿಸಿಕೊಂಡಿದ್ದ ನ್ಯಾಯಾಧಿಕಾರದ ಬಹುಭಾಗವನ್ನು ಯಾಕಮಾಗಳು ಕೇಳಿ ಪಡೆದರು; ಆ ಬದಲಾವಣೆ 2016ರಲ್ಲಿ ಜಾರಿಗೆ ಬಂತು.

ಈ ಇಡೀ ವ್ಯವಸ್ಥೆಯ ದುರ್ಬಲ ಗೆಣ್ಣು ಸಮಾಲೋಚನೆ ಮತ್ತು ಸಮ್ಮತಿಗಳ ನಡುವೆ ಇದೆ. ಸಮಾಲೋಚನೆ ಎಂದರೆ ಇಲಾಖೆ ಬುಡಕಟ್ಟಿನ ಮಾತು ಕೇಳುತ್ತದೆ, ಟಿಪ್ಪಣಿ ಬರೆದುಕೊಳ್ಳುತ್ತದೆ, ಆಮೇಲೆ ತನಗೆ ಸರಿ ಕಂಡದ್ದನ್ನು ಮಾಡುತ್ತದೆ. ಸಮ್ಮತಿ ಎಂದರೆ ಬುಡಕಟ್ಟು ಬೇಡವೆಂದರೆ ಕೆಲಸ ನಿಲ್ಲುತ್ತದೆ. 2019ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಬಾಬ್ ಫರ್ಗುಸನ್ ತಮ್ಮ ಕಚೇರಿಯು ಬುಡಕಟ್ಟುಗಳನ್ನು ನೇರವಾಗಿ ತಟ್ಟುವ ಕ್ರಮಗಳಿಗೆ ಮೊದಲೇ ಸಮ್ಮತಿ ಪಡೆಯುವುದೆಂದು ಘೋಷಿಸಿದರು. ಆದರೆ ಎರಡೇ ವರ್ಷಗಳ ನಂತರ, 2021ರಲ್ಲಿ, ಹವಾಮಾನ ಕಾಯ್ದೆಗೆ ಸಹಿ ಹಾಕಿದ ಗವರ್ನರ್ ಜೇ ಇನ್ಸ್‌ಲಿ ಅದರಲ್ಲಿದ್ದ ಬುಡಕಟ್ಟು ಸಮಾಲೋಚನೆಯ ಕಲಮನ್ನು ತಮ್ಮ ವೀಟೋದಿಂದ ಹೊಡೆದುಹಾಕಿದರು. ಕಾಯ್ದೆಗೆ ಬೆಂಬಲ ಕೊಟ್ಟಿದ್ದ ಬುಡಕಟ್ಟುಗಳು ಕೆರಳಿದವು. ಕ್ವಿನಾಲ್ಟ್ ಬುಡಕಟ್ಟಿನ ನಾಯಕಿ ಫಾನ್ ಶಾರ್ಪ್ ಕಟುವಾಗಿ ಖಂಡಿಸಿದರು. ಮರುವರ್ಷ ಶಾಸನಸಭೆ ಸಮಾಲೋಚನೆಯನ್ನು ಪರಿಷ್ಕೃತ ರೂಪದಲ್ಲಿ ಮತ್ತೆ ಸೇರಿಸಿತು. ಕೊಲಂಬಿಯಾ ನದಿಯ ಮೇಲಿನ ಗೋಲ್ಡನ್‌ಡೇಲ್ ಬಳಿ ನೀರನ್ನು ಬೆಟ್ಟಕ್ಕೆ ಎತ್ತಿ ವಿದ್ಯುತ್ ಸಂಗ್ರಹಿಸುವ ಯೋಜನೆಯೊಂದಿದೆ. ಆ ಬೆಟ್ಟ ಯಾಕಮಾಗಳಿಗೆ ಪವಿತ್ರವಾದ, ಅವರು ಗೆಡ್ಡೆಗೆಣಸು, ಔಷಧಿ ಸಸ್ಯಗಳನ್ನು ಸಂಗ್ರಹಿಸುವ ಪುಷ್ಪಮ್ ಎಂಬ ತಾಣ. ಬುಡಕಟ್ಟಿನ ಸಾಂಸ್ಕೃತಿಕ ಸಂಪತ್ತಿಗೆ ತಪ್ಪಿಸಲಾಗದ ಗಂಭೀರ ಹಾನಿಯಾಗುತ್ತದೆಂದು ರಾಜ್ಯದ ಪರಿಸರ ಇಲಾಖೆಯ ವರದಿಯೇ ಹೇಳಿತು. ಅದೇ ಇಲಾಖೆ 2023ರಲ್ಲಿ ಯೋಜನೆಗೆ ನೀರಿನ ಗುಣಮಟ್ಟದ ಪ್ರಮಾಣಪತ್ರವನ್ನೂ ಕೊಟ್ಟಿತು. ಸಮಾಲೋಚನೆಯ ಮಿತಿ ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು ಅಪರೂಪ.

ಇನ್ನು ಮೇಜಿನ ಮುಂದೆ ಕುರ್ಚಿಯೇ ಸಿಗದವರಿದ್ದಾರೆ. ರಾಜ್ಯದ ಒಡಂಬಡಿಕೆ ಅನ್ವಯಿಸುವುದು ಒಕ್ಕೂಟದ ಮಾನ್ಯತೆ ಪಡೆದ ಬುಡಕಟ್ಟುಗಳಿಗೆ ಮಾತ್ರ, ವಾಷಿಂಗ್ಟನ್‌ನಲ್ಲಿ ಅಂಥವು 29. ಸಾಫ್ಟ್‌ವೇರ್ ಕಂಪನಿಗಳ ಕೆಲಸಕ್ಕೆ ಹೋಗಿ ನೆಲೆಸಿದ ಸಾವಿರಾರು ಕನ್ನಡಿಗರು ದಿನವೂ ಹೆಸರಿಸುವ ಸಿಯಾಟಲ್ ನಗರಕ್ಕೆ ಆ ಹೆಸರು ಬಂದದ್ದು, 1855ರ ಪಾಯಿಂಟ್ ಎಲಿಯಟ್ ಒಪ್ಪಂದಕ್ಕೆ ಡುವಾಮಿಶ್ ಮತ್ತು ಸುಕ್ವಾಮಿಶ್ ಜನರ ಪರವಾಗಿ ಗುರುತು ಹಾಕಿದ ನಾಯಕನಿಂದ. ಆದರೆ ಇಂದಿನ ಡುವಾಮಿಶ್ ಸಂಘಟನೆಗೆ ಒಕ್ಕೂಟದ ಮಾನ್ಯತೆ ಹಲವು ದಶಕಗಳ ಹೋರಾಟದ ನಂತರವೂ ದೊರೆತಿಲ್ಲ. ಮಾನ್ಯತೆ ಪಡೆದ ನೆರೆಯ ಕೆಲವು ಬುಡಕಟ್ಟುಗಳು, ಡುವಾಮಿಶರ ವಂಶಜರು ತಮ್ಮಲ್ಲೂ ಇದ್ದಾರೆಂದು ವಾದಿಸಿ ಅದನ್ನು ವಿರೋಧಿಸುತ್ತವೆ. ಸರ್ಕಾರಗಳ ನಡುವಿನ ಸಂಬಂಧದಲ್ಲಿ ಯಾವುದು ಸರ್ಕಾರ ಎಂದು ತೀರ್ಮಾನಿಸುವ ಅಧಿಕಾರ ಒಂದೇ ಪಕ್ಷದ ಕೈಯಲ್ಲಿ ಉಳಿದಿದೆ ಎಂಬುದು ಸಣ್ಣ ವಿಷಯವಲ್ಲ.

ಸದ್ಯ ಅತಿ ದುಬಾರಿಯಾಗಿ ನಡೆಯುತ್ತಿರುವ ಅಧ್ಯಾಯ ರಸ್ತೆಯಡಿಯ ಮೋರಿಗಳದ್ದು. ಸಾಲ್ಮನ್ ಸಮುದ್ರದಿಂದ ತಾನು ಹುಟ್ಟಿದ ತೊರೆಗೆ ಮರಳಿ ಮೊಟ್ಟೆಯಿಡುತ್ತದೆ. ರಾಜ್ಯ ತನ್ನ ಹೆದ್ದಾರಿಗಳ ಅಡಿಯಲ್ಲಿ ಹಾಕಿದ ನೂರಾರು ಮೋರಿಗಳು ತೀರ ಕಿರಿದಾಗಿವೆ, ಅಥವಾ ಅವುಗಳ ಬಾಯಿ ತೊರೆಯ ಮಟ್ಟಕ್ಕಿಂತ ಎತ್ತರದಲ್ಲಿದೆ. ಮೀನು ಅಲ್ಲಿಗೆ ಬಂದು ಮುಂದೆ ಹೋಗಲಾರದೆ ನಿಲ್ಲುತ್ತದೆ. ಮೀನೇ ಇಲ್ಲದ ಮೇಲೆ ಅರ್ಧ ಪಾಲಿನ ಹಕ್ಕಿಗೆ ಅರ್ಥವೇನು ಎಂದು 2001ರಲ್ಲಿ ಬುಡಕಟ್ಟುಗಳೂ ಒಕ್ಕೂಟ ಸರ್ಕಾರವೂ ಪ್ರಶ್ನಿಸಿದವು. ಪ್ಯೂಜೆಟ್ ಸೌಂಡಿಗೆ ಹರಿಯುವ ಸಾಲ್ಮನ್ ತೊರೆಗಳನ್ನೆಲ್ಲ ಮುಚ್ಚಿದರೂ ಒಪ್ಪಂದದ ಉಲ್ಲಂಘನೆಯಾಗದು ಎಂಬ ಮಟ್ಟಕ್ಕೆ ರಾಜ್ಯದ ವಾದ ಹೋಯಿತೆಂದು ಮೇಲ್ಮನವಿ ನ್ಯಾಯಾಲಯ ತನ್ನ ತೀರ್ಪಿನಲ್ಲಿ ಬರೆದುಕೊಂಡಿದೆ. 2018ರ ಜೂನ್ 11ರಂದು ಸುಪ್ರೀಂ ಕೋರ್ಟ್ 4–4ರಲ್ಲಿ ಸಮನಾಗಿ ಒಡೆದದ್ದರಿಂದ ಬುಡಕಟ್ಟುಗಳ ಪರವಾದ ಆದೇಶ ಉಳಿಯಿತು. ಆ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದದ್ದು, ಮರುವರ್ಷ ಸಮ್ಮತಿಯ ನೀತಿಯನ್ನು ಘೋಷಿಸಿದ ಅದೇ ಫರ್ಗುಸನ್. 2025ರಿಂದ ಅವರೇ ಗವರ್ನರ್.

ಆದೇಶದಂತೆ ಮೋರಿಗಳ ಪಟ್ಟಿಯನ್ನು ರಾಜ್ಯ ಬುಡಕಟ್ಟುಗಳೊಂದಿಗೆ ಸಮಾಲೋಚಿಸಿ ಸಿದ್ಧಪಡಿಸಿತು. ಅವುಗಳಿಂದ ಮುಚ್ಚಿಹೋಗಿರುವ ಜಲನೆಲೆಯ ಶೇ. 90ರಷ್ಟನ್ನು 2030ರೊಳಗೆ ತೆರೆಯಬೇಕಾಗಿದೆ. ಕಿರಿದಾದ ಕೊಳವೆಯನ್ನು ಕಿತ್ತು ತೊರೆಯ ಪೂರ್ತಿ ಅಗಲಕ್ಕೆ ಸೇತುವೆಯಂಥ ರಚನೆಯನ್ನು ಕಟ್ಟಬೇಕಾದ್ದರಿಂದ ಖರ್ಚು ನೂರಾರು ಕೋಟಿ ಡಾಲರುಗಳಿಗೆ ಏರಿದೆ, ಮಂಜೂರಾದ ಹಣ ಸಾಲದೆಂದು ಸಾರಿಗೆ ಇಲಾಖೆ ಹೇಳುತ್ತಿದೆ. ಹಣ ಸಿಕ್ಕರೂ ಇನ್ನೊಂದು ತೊಡಕಿದೆ. ಆದೇಶ ಕಟ್ಟಿಹಾಕುವುದು ರಾಜ್ಯದ ಒಡೆತನದ ಮೋರಿಗಳನ್ನು ಮಾತ್ರ. ಅದೇ ತೊರೆಗೆ ಸ್ವಲ್ಪ ಮೇಲೆ ಅಥವಾ ಕೆಳಗೆ ಕೌಂಟಿ ಎಂಬ ಜಿಲ್ಲಾಡಳಿತದ ರಸ್ತೆ, ನಗರಸಭೆಯ ಬೀದಿ, ಖಾಸಗಿ ಜಮೀನಿನ ದಾರಿ ಇರುತ್ತವೆ. ಅವುಗಳ ಅಡಿಯಲ್ಲೂ ಮೋರಿಗಳಿವೆ, ಮತ್ತು ಅವುಗಳ ಮಾಲೀಕರು ಈ ಮೊಕದ್ದಮೆಯಲ್ಲಿ ಪಕ್ಷಗಾರರಲ್ಲ.